ಒಂದ್ ಚಿಟಿಕಿ ಮಶೇರಿ

ರೊಟ್ಟಿಗೆ ರಂಜಕ ಹಚ್ಚಿ ಮೊದಲ ತುತ್ತು ಬಾಯಿಗಿಟ್ಟೆ. ಎಡಗೆನ್ನೆಯ ಒಳಗೆ ಕೆಂಡ ಇಟ್ಟಂತಾಯಿತು.

ಖಾರ ನನಗೆ ಹೊಸದೇನಲ್ಲ. ಕೆಂಪು ಮೆಣಸಿನಕಾಯಿ ಕುಟ್ಟಿ, ನಿಂಬೆಹುಳಿ ಹಿಂಡಿ, ವರ್ಷಕ್ಕಾಗುವಷ್ಟು ರಂಜಕ ಹಾಕಿಡುವವಳೇ ನಾನು. ತಾಟು ಬಿಟ್ಟು ಎದ್ದು, ಬಾಯಿ ತುಂಬ ಮೊಸರು ಹಿಡಿದುಕೊಂಡು ಒಲೆಯ ಮುಂದೆ ನಿಂತೆ. ನುಂಗಿದ ಮೇಲೆ, "ಈ ಸಲದ ಮೆಣಸಿನಕಾಯಿ ಭಾಳ ಜೋರ ಅದಾವು" ಅಂದೆ. ನಮ್ಮ ಮನೆಯವರು ಅದೇ ರಂಜಕ ಹಚ್ಚಿಕೊಂಡು ಎರಡನೇ ರೊಟ್ಟಿ ಮುರಿಯುತ್ತಿದ್ದರು. "ನನಗೇನೂ ಖಾರ ಹತ್ತವಲ್ದು" ಅಂದರು.

ಮರುದಿನ ಚಹಾ ಉರಿಯಿತು. ಆಮೇಲೆ ಬಿಸಿ ಅನ್ನ. ಬರಬರುತ್ತ ಬಾಯಿ ಪೂರಾ ತೆಗೆಯಲಿಕ್ಕೇ ಆಗಲಿಲ್ಲ. ರೊಟ್ಟಿ ಸುರುಳಿ ಸುತ್ತಿ ಕಡಿಯುತ್ತಿದ್ದವಳು ಚೂರು ಚೂರು ಮಾಡಿ ತಿನ್ನತೊಡಗಿದೆ. ಒಂದು ಮುಂಜಾನೆ ಕನ್ನಡಿ ಹಿಡಿದು ಬಿಸಿಲಿಗೆ ನಿಂತು ನೋಡಿಕೊಂಡೆ. ಅದೇ ಎಡಗಲ್ಲದ ಒಳಗೆ ಸುಣ್ಣ ಬಳಿದಂಥ ಬಿಳಿ ಕಲೆ. ಬೆರಳಿನಿಂದ ತಿಕ್ಕಿದೆ.

ಹೋಗಲಿಲ್ಲ.

ಮೂಡಲಗಿಯ ಹತ್ತಿರ ನಮ್ಮ ಹಳ್ಳಿ. ಹಲ್ಲಿನ ಡಾಕ್ಟರ್ ಅಂದರೆ ನಾವು ಗೋಕಾಕಕ್ಕೇ ಹೋಗುವವರು. ಮನೆಯವರು ಹಿಟ್ಟಿನ ಗಿರಣಿಯ ಬಾಗಿಲು ಹಾಕಿ ಜೊತೆಗೆ ಬಂದರು. ಬೀಸಲು ತಂದಿಟ್ಟ ಜೋಳದ ಬುಟ್ಟಿಗಳು ಕಟ್ಟೆಯ ಮೇಲೆ ಹಾಗೇ ಕೂತವು. ಹಾಡಹಗಲೇ ಗಿರಣಿಯ ಸದ್ದು ನಿಂತದ್ದು ಕೇಳಿ ಓಣಿಯವರೆಲ್ಲ ಹೊರಗೆ ಬಂದು ನೋಡಿದರು.

ಡಾಕ್ಟರ್ ನನ್ನ ಮಗಳ ವಾರಗೆಯವರು. ಟಾರ್ಚ್ ಬಿಟ್ಟು ಬಹಳ ಹೊತ್ತು ನೋಡಿದರು.

"ತಂಬಾಕು ತಿಂತೀರೇನ್ರಿ ಅಕ್ಕಾರ?"

"ಇಲ್ರಿ."

"ಗುಟಕಾ?"

"ಛೀ, ಅದನ್ನ ಗಂಡಸರು ತಿಂತಾರ್ರಿ."

"ಎಲಿ ಅಡಿಕಿ?"

"ಮದುವಿ-ಗಿದುವಿ ಇದ್ದಾಗ ಒಂದೆರಡು."

ಅವರು ನನ್ನ ಹಲ್ಲಿನ ಬುಡವನ್ನು ಇನ್ನೊಮ್ಮೆ ನೋಡಿದರು. ಅವು ಕಪ್ಪಗಾಗಿವೆ. "ಹಲ್ಲು ಎದರಿಂದ ತಿಕ್ಕತೀರಿ?"

"ಮಶೇರಿಯಿಂದ್ರಿ."

"ದಿನಕ್ಕ ಎಷ್ಟ್ ಸಲ?"

ಮನೆಯವರು ನಡುವೆ ಬಾಯಿ ಹಾಕಿದರು. "ಎಷ್ಟ್ ಸಲ ಅಂತ ಕೇಳಬ್ಯಾಡ್ರಿ ಡಾಕ್ಟರ್. ಯಾವಾಗ ತಿಕ್ಕಾಂಗಿಲ್ಲ ಅಂತ ಕೇಳ್ರಿ."

ಟಾರ್ಚ್ ಆರಿತು.

"ಅಕ್ಕಾರ, ಅದ ತಂಬಾಕು."

ನಗು ಬರುವಂಥ ಮಾತು, ಆದರೆ ಖರೆ: ಮಶೇರಿ ಮಾಡುವವಳೇ ನಾನು. ಸಂತೆಯಿಂದ ತಂಬಾಕಿನ ಎಲೆ ತಂದು, ಅದಕ್ಕೆಂದೇ ಇಟ್ಟ ಹಳೆಯ ಹಂಚಿನಲ್ಲಿ ಕರ್ರಗೆ ಹುರಿದು, ಅರೆದು, ಬಟ್ಟೆಯಲ್ಲಿ ಸೋಸಿ ಡಬ್ಬಿ ತುಂಬುತ್ತೇನೆ. ಆದರೂ ತಂಬಾಕು ಅಂತ ಒಂದು ಸಲವೂ ಅನಿಸಿರಲಿಲ್ಲ. ಸಗಣಿ ಸುಟ್ಟ ಮೇಲೆ ಅದನ್ನು ಯಾರಾದರೂ ಸಗಣಿ ಅಂತಾರೆಯೇ? ವಿಭೂತಿ ಅಂತ ಹಣೆಗೆ ಹಚ್ಚಿಕೊಳ್ಳುತ್ತೇವೆ. ಹಾಗೇ ಎಲೆ ಹುರಿದ ಮೇಲೆ ಅದು ಮಶೇರಿ, ಹಲ್ಲಿನ ಪುಡಿ. ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಹಲ್ಲು ನೋವೆಂದು ಅಳುತ್ತ ಕೂತಿದ್ದೆ. ಅತ್ತೆ ತಮ್ಮ ಡಬ್ಬಿ ತೆಗೆದು, "ಇಷ್ಟ್ ತಿಕ್ಕು ಗೌರಾ, ಬಾಯಿ ಹಗರ ಆಗತೈತಿ" ಅಂದಿದ್ದರು. ಆಯಿತು ಕೂಡ. ಆಮೇಲೆ ಅದಿಲ್ಲದೆ ಹೊಟ್ಟೆ ತೆರವಾಗುತ್ತಿರಲಿಲ್ಲ, ತಲೆ ನಿಲ್ಲುತ್ತಿರಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳಲ್ಲಿ ಒಂದು ರೀತಿ ಇದೆ. ಒಬ್ಬಾಕೆ ಚಿಟಿಕೆ ಮಶೇರಿ ಕೇಳಿದರೆ ಇನ್ನೊಬ್ಬಾಕೆ ಇಲ್ಲ ಅನ್ನುವಂತಿಲ್ಲ. ಮಾತು ಬಿಟ್ಟವರೂ ಡಬ್ಬಿ ಚಾಚುತ್ತಾರೆ.

ಗಲ್ಲದಿಂದ ಸಣ್ಣ ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಿದರು. ರಿಪೋರ್ಟ್ ಬರುವ ತನಕ ಮನೆಯಲ್ಲಿ ಯಾರೂ ಆ ಶಬ್ದ ಆಡಲಿಲ್ಲ. ಮನೆಯವರು ಗಿರಾಕಿಗಳ ಹಿಟ್ಟು ಅದಲುಬದಲು ಮಾಡಿ ಬೈಸಿಕೊಂಡರು. ನಾನು ಮಗಳ ಬಾಣಂತನಕ್ಕೆ ಹೊಲಿದಿಟ್ಟ ಕೌದಿ ಬಿಚ್ಚಿ ಮತ್ತೆ ಹೊಲಿದೆ. ಕೈಗೆ ಏನಾದರೂ ಬೇಕಿತ್ತು.

"ಕ್ಯಾನ್ಸರ್ ಅಲ್ರಿ" ಅಂದರು ಡಾಕ್ಟರ್. ನಾನು ಉಸಿರು ಬಿಡುವಷ್ಟರಲ್ಲೇ ಮುಂದಿನ ಮಾತು ಬಂತು. "ಈಗ ಅಲ್ಲ. ಮಶೇರಿ ಬಿಟ್ರ ಈ ಕಲಿ ಕಡಿಮಿ ಆಗಬಹುದು. ಬಿಡಲಿಲ್ಲ ಅಂದ್ರ ಏನಾಗತೈತಿ ಅಂತ ನಾ ಹೇಳಾಂಗಿಲ್ಲ."

ಅವತ್ತೇ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಕೈ ಸೊಂಟದ ಡಬ್ಬಿ ಹುಡುಕುತ್ತಿತ್ತು. ತಲೆ ಸಿಡಿಯಿತು, ಹೊಟ್ಟೆ ಕಲ್ಲಾಯಿತು. ಬೆಕ್ಕಿಗೆ ಬೈದೆ, ಗಿರಾಕಿಗೆ ಬೈದೆ. ಇಷ್ಟರ ನಡುವೆ ಅತ್ತೆಯ ಮಶೇರಿ ಮುಗಿದಿತ್ತು; ಹುರಿಯುವವಳು ನಾನೇ. ಹಂಚಿನಿಂದ ಏಳುವ ಆ ಘಾಟಿಗೆ ಬಾಯಲ್ಲಿ ನೀರು ಬಂದು, ಅಳುತ್ತ ಹುರಿದೆ. ಅರ್ಧಕ್ಕೇ ಬೆರಳು ಅದ್ದಿ ಒಸಡಿಗೆ ಹಚ್ಚಿಬಿಟ್ಟೆ.

ಒಬ್ಬಳಿಂದ ಇದು ಆಗುವುದಿಲ್ಲ ಅಂತ ಆ ಹಂಚಿನ ಮುಂದೆಯೇ ತಿಳಿಯಿತು.

ನಮ್ಮೂರಿನ ಹೆಣ್ಣುಮಕ್ಕಳ ಸಂಘ ಸರ್ಕಾರದ ಅನುದಾನದಿಂದ ಗುರುವಾರಕ್ಕೊಮ್ಮೆ ಸಮುದಾಯ ಭವನದಲ್ಲಿ ಚಟ ಬಿಡಿಸುವ ಸಭೆ ನಡೆಸುತ್ತಿತ್ತು. ಕುಡಿಯುವ ಗಂಡಸರಿಗೆಂದು ಶುರುವಾದದ್ದು. ಕೌನ್ಸೆಲರ್ ಸವಿತಾ ಮೇಡಂ ಅವರ ಪಗಾರ, ಪುಕ್ಕಟೆ ಔಷಧ, ಎಲ್ಲ ಆ ಅನುದಾನದ್ದೇ. ನಾನು ಸಂಘದವಳು, ಜಮಖಾನೆ ಹಾಸಿ ಚಹಾ ಕಾಸುವವಳು. ಆ ಗುರುವಾರ ಚಹಾ ಕಾಸಿಟ್ಟು ನಾನೂ ಜಮಖಾನೆಯ ಮೇಲೆ ಕೂತೆ.

"ಏನ ಗೌರಕ್ಕಾ, ನೀನೂ ಕುಡಿಯಾಕ ಚಾಲೂ ಮಾಡಿದೇನ?" ಅಂದಳು ನಮ್ಮ ಸಂಘದ ರತ್ನವ್ವ. ಎಲ್ಲರೂ ನಕ್ಕರು. ಸವಿತಾ ಮೇಡಂ ನಗಲಿಲ್ಲ. ನನ್ನ ಮಶೇರಿಯ ಕಥೆ ಎಲ್ಲ ಕೇಳಿಸಿಕೊಂಡರು. ಬಾಯಲ್ಲಿ ಗಾಯವಿದ್ದದ್ದರಿಂದ ಚಟ ಬಿಡಿಸಲು ಅಗಿಯುವ ಗಮ್ ಬೇಡವೆಂದು ಡಾಕ್ಟರ್ ಹೇಳಿದ್ದರು. ಮೇಡಂ ಡಾಕ್ಟರನ್ನೇ ಫೋನಿನಲ್ಲಿ ಕೇಳಿಕೊಂಡು ತೋಳಿಗೆ ಅಂಟಿಸುವ ಪ್ಯಾಚ್ ಕೊಟ್ಟರು. "ಚಟ ಎದ್ದಾಗ ನನಗ ಫೋನ್ ಹಚ್ರಿ. ಅದು ನೀರಿನ ಅಲಿ ಇದ್ದಂಗ, ಬಂದು ಹೋಗತೈತಿ. ಅಲ್ಲಿತನಕ ಮಾತಾಡೂಣು" ಅಂದರು.

ಮನೆಯಲ್ಲಿ ಅತ್ತೆ ಪ್ಯಾಚನ್ನು ಮುಟ್ಟಿ ಮುಟ್ಟಿ ನೋಡಿದರು. "ಬ್ಯಾನಿ ಬಾಯಾಗ, ಪಟ್ಟಿ ತೋಳಿಗೆ! ಯಾವ ಶ್ಯಾಣ್ಯಾ ಹೇಳಿದಾನ ಇದನ್ನ?"

ಆದರೆ ಪ್ಯಾಚ್ ಮತ್ತು ಗುರುವಾರ, ಎರಡೂ ಸೇರಿ ನನ್ನನ್ನು ಹಿಡಿದು ನಿಲ್ಲಿಸಿದವು. ಒಂದು ಗುರುವಾರದಿಂದ ಇನ್ನೊಂದು ಗುರುವಾರಕ್ಕೆ ಹಗ್ಗ ಹಿಡಿದು ದಾಟುವವಳ ಹಾಗೆ ದಾಟುತ್ತಿದ್ದೆ.

ಆಗ ಸವಿತಾ ಮೇಡಂ ಹೇಳಿದರು. "ಅನುದಾನ ನಿಲ್ಲತೈತಿ ಅನಸತೈತ್ರಿ."

ಗಂಡಸರು ಸಭೆಗೆ ಬರುವುದು ಬಿಟ್ಟಿದ್ದರು. ಸರ್ಕಾರದವರು ಮನೆಮನೆಗೆ ಬಂದು ಕೇಳಿದಾಗ, ತಂಬಾಕು ಬಳಸುತ್ತೇನೆ ಅಂತ ನಮ್ಮೂರಿನ ಒಬ್ಬ ಹೆಣ್ಣುಮಗಳೂ ಹೇಳಿರಲಿಲ್ಲ. ಸುಳ್ಳು ಯಾರೂ ಹೇಳಿರಲಿಲ್ಲ. ನಾನು ಡಾಕ್ಟರಿಗೆ ಹೇಳಿದ ಹಾಗೆಯೇ ಎಲ್ಲರೂ ಹೇಳಿದ್ದರು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕಿನ ಸಂಘಗಳ ಸಭೆ ಹುಕ್ಕೇರಿಯಲ್ಲಿ ಇತ್ತು. ಅಲ್ಲಿ ತೀರ್ಮಾನ.

"ನೀವ ಎದ್ದು ಹೇಳ್ರಿ ಗೌರಕ್ಕ. ಬ್ಯಾನಿ ಬಂದಾಕಿ ಬಾಯಿಂದ ಬಂದ್ರ ಕೇಳ್ತಾರ" ಅಂದರು ಮೇಡಂ.

ಹುಕ್ಕೇರಿ ನನ್ನ ಮಗಳನ್ನು ಕೊಟ್ಟ ಊರು. ಬೀಗತಿ ಕಮಲವ್ವ ಅಲ್ಲಿನ ಸಂಘದಲ್ಲಿದ್ದಾರೆ, ಸಭೆಗೆ ಬಂದೇ ಬರುವವರು. ಮನೆಯವರಿಗೆ ಹೇಳಿದೆ. ಅವರು ಗಿರಣಿ ಬಂದ್ ಮಾಡಿದರು. "ಬೀಗರ ಮುಂದ ನಿಂತು ನನಗ ಚಟ ಐತಿ ಅಂತಿ? ಮಗಳು ಅಲ್ಲಿ ಬಾಳೆ ಮಾಡಬೇಕಲ್ಲ."

"ಹೇಳದಿದ್ರ ಗುರುವಾರ ಇಲ್ಲ. ಗುರುವಾರ ಇಲ್ಲಂದ್ರ ನಾ ಮತ್ತ ತಿಕ್ಕತೀನಿ."

ಸಭೆಯ ದಿನ ಅವರೇ ಬಸ್ಸಿಗೆ ಬಿಡಲು ಬಂದರು.

ಸಭೆಯಲ್ಲಿ ಅನುದಾನದ ಅಧಿಕಾರಿ ಸಮಾಧಾನದಿಂದಲೇ ಮಾತಾಡಿದರು. "ಅಗತ್ಯ ಇಲ್ಲದ ಕಡೆ ದುಡ್ಡು ಇಟ್ಟು, ಅಗತ್ಯ ಇದ್ದಲ್ಲಿ ಕೊಡದೇ ಇರೋದು ಸರಿಯೇ? ನೀವೇ ಹೇಳಿ." ನಾನು ಎದ್ದೆ. ಬಸ್ಸಿನಲ್ಲಿ ಹೊಂದಿಸಿಕೊಂಡ ಮಾತೆಲ್ಲ ಹೋಗಿತ್ತು. ಎರಡು ಸಾಲಿನ ಆಚೆ ಬೀಗತಿ ನನ್ನನ್ನೇ ನೋಡುತ್ತಿದ್ದರು. ಮತ್ತೆ ಕೂತುಬಿಟ್ಟೆ.

ನನ್ನ ಬಾಜೂಕ್ಕೆ ಗುರುತಿಲ್ಲದ ಒಬ್ಬ ಹೆಣ್ಣುಮಗಳು. ನನ್ನ ಕೈ ಸೊಂಟ ತಡಕುವುದನ್ನು ಕಂಡಿದ್ದಳೇನೋ. ಮೆಲ್ಲಗೆ ತನ್ನ ಡಬ್ಬಿ ನನ್ನ ತೊಡೆಯ ಮೇಲಿಟ್ಟಳು. "ತಗೋರಿ ಅಕ್ಕಾ."

ಆ ವಾಸನೆ. ಚಿಟಿಕೆ ಹಿಡಿಯಲು ಬೆರಳು ಕೂಡಿಯೇ ಬಿಟ್ಟಿದ್ದವು.

ಯಾರು ಎಬ್ಬಿಸಿದರೋ, ಡಬ್ಬಿಯನ್ನು ಅವಳ ಮಡಿಲಿಗೇ ಇಟ್ಟು ಎದ್ದು ನಿಂತಿದ್ದೆ. "ಅಕ್ಕಾರ, ತಂಗೇರ, ನನ್ನ ಕಡೆ ಡಬ್ಬಿ ಇಲ್ಲ. ಯಾರರ ಒಂದ್ ಚಿಟಿಕಿ ಮಶೇರಿ ಕೊಡ್ರಿ."

ಕೇಳಿದ ಮೇಲೆ ಇಲ್ಲ ಅನ್ನುವವರುಂಟೇ? ಸೆರಗಿನ ಗಂಟು ಬಿಚ್ಚಿದವು, ಚೀಲದ ಬಾಯಿ ತೆರೆದವು. ಸ್ಟೀಲಿನ ಡಬ್ಬಿ, ಹಳೇ ಕುಂಕುಮದ ಭರಣಿ, ಮಡಚಿದ ಪ್ಲಾಸ್ಟಿಕ್ ಪೊಟ್ಟಣ. ಎಲ್ಲ ಕಡೆಯಿಂದ ಕೈಗಳು ನನ್ನ ಕಡೆಗೇ ಚಾಚಿದವು. ಬೀಗತಿ ಎದ್ದು ಬಂದು ಬೆಳ್ಳಿಯ ಡಬ್ಬಿ ಹಿಡಿದರು. "ಮೊದಲ ನನ್ನದು ತಗೋರಿ ಬೀಗರ, ಹೊರಗಿನವರದು ಯಾಕ?"

"ಸಾಹೇಬ್ರ, ಈಗ ಕೇಳ್ರಿ ಇವರನ್ನ. ತಂಬಾಕು ಬಳಸ್ತೀರೇನು ಅಂತ."

ಅಧಿಕಾರಿಗೆ ಏನೂ ತಿಳಿಯಲಿಲ್ಲ. ಆದರೂ ಎದುರಿಗಿದ್ದ ಬೀಗತಿಯನ್ನೇ ಕೇಳಿದರು.

"ಛೀ, ಇಲ್ರಿ! ಅಂಥ ಮನಿತನ ಅಲ್ಲ ನಮ್ಮದು" ಅಂದರು ಬೀಗತಿ, ಡಬ್ಬಿ ಹಿಡಿದ ಕೈ ಹಾಗೇ ಇತ್ತು.

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಒಬ್ಬೊಬ್ಬರೇ ತಮ್ಮ ಕೈಯ ಡಬ್ಬಿ ನೋಡಿಕೊಂಡರು.

"ನಾನೂ ಡಾಕ್ಟರಿಗೆ ಹಿಂಗ ಹೇಳಿದ್ನಿ ಬೀಗರ. ಈಗ ನನ್ನ ಗಲ್ಲದಾಗ ಬಿಳಿ ಕಲಿ ಆಗೈತಿ. ಕೊಯ್ದು ನೋಡ್ಯಾರ. ಇದು ತಂಬಾಕು. ನನಗ ಚಟ ಐತಿ. ಬಿಡಾಕತ್ತೀನಿ, ಒಬ್ಬಾಕಿಗೆ ಆಗವಲ್ದು." ಬಾಯಲ್ಲಿ ನೀರು ತುಂಬಿಕೊಂಡೇ ಇತ್ತು. ಬೆಳ್ಳಿಯ ಡಬ್ಬಿಯ ಮುಚ್ಚಳ ಹಾಕಿ ಬೀಗತಿಯ ಕೈಯಲ್ಲೇ ಇಟ್ಟೆ.

ಅಧಿಕಾರಿ ಕೈಗಳನ್ನೆಲ್ಲ ನೋಡಿದರು. "ಮತ್ತೆ ಮನೆಮನೆಗೆ ಕಳಿಸ್ತೀನಿ. ಮಶೇರಿ ಅಂತಲೇ ಕೇಳಿಸ್ತೀನಿ. ಅಲ್ಲಿಯವರೆಗೆ ಗುರುವಾರ ನಡೀಲಿ. ಅದರ ಮುಂದಿನದು ಮೇಲಿನವರು ಹೇಳಬೇಕು" ಅಂದರು.

ಬಸ್ ಸ್ಟ್ಯಾಂಡಿಗೆ ಬೀಗತಿ ನನ್ನ ಹಿಂದೆಯೇ ಬಂದರು. "ಮಂದ್ಯಾಗ ನನ್ನ ಮರ್ಯಾದಿ ತಗದ್ರಿ ಬೀಗರ." ಅವರು ಅತ್ತಿತ್ತ ನೋಡಿ, ಕಂಬದ ಮರೆಗೆ ಕರೆದು, ಮೊಬೈಲಿನ ಟಾರ್ಚ್ ಹಚ್ಚಿ ನನ್ನ ಕೈಗೆ ಕೊಟ್ಟರು. "ಈಗ ನನ್ನ ಬಾಯಿ ಸ್ವಲ್ಪ ನೋಡ್ರಿ." ಅವರ ಬಾಯಿ ನನ್ನಷ್ಟೂ ತೆರೆಯಲಿಲ್ಲ. "ನನಗ ತಿಳ್ಯಾಂಗಿಲ್ಲ. ಸೋಮವಾರ ಗೋಕಾಕಕ್ಕ ಬರ್ರಿ, ಇಬ್ಬರೂ ಕೂಡೇ ಹೋಗೂಣು" ಅಂದೆ. ಮಗಳ ಮಾತು ಇಬ್ಬರೂ ತೆಗೆಯಲಿಲ್ಲ.

ಮೇಲಿನವರ ಉತ್ತರ ಇನ್ನೂ ಬಂದಿಲ್ಲ. ಗುರುವಾರಕ್ಕೆ ಈಗ ಒಂದು ಜಮಖಾನೆ ಸಾಲುವುದಿಲ್ಲ; ರತ್ನವ್ವ ತನ್ನ ಮನೆಯದನ್ನು ತರುತ್ತಾಳೆ, ನಗುವುದನ್ನೂ ಬಿಟ್ಟಿಲ್ಲ. ನನ್ನ ಕಲೆ ಹೋಗಿಲ್ಲ. ಬೆಳೆದೂ ಇಲ್ಲ ಅಂದರು ಡಾಕ್ಟರ್. ಅಷ್ಟಕ್ಕೇ ಅವರಿಗೆ ಕೈ ಮುಗಿದು ಬಂದೆ.

ಮೊನ್ನೆ ಅತ್ತೆಯ ಡಬ್ಬಿ ಬರಿದಾಗಿತ್ತು. ನನ್ನಿಂದ ಹುರಿಯುವುದಾಗದು ಅಂದೆ. ಈ ಮನೆಗೆ ಬಂದ ಮೇಲೆ ಅವರಿಗೆ ಇಲ್ಲ ಅಂದದ್ದು ಅದೇ ಮೊದಲು. ಅವರು ಮುಖ ತಿರುಗಿಸಿ ಕೂತರು. ಈ ವಯಸ್ಸಿನಲ್ಲಿ ನಾ ಬಿಡುವವಳಲ್ಲ ಅಂದರು. ಸ್ವಲ್ಪ ಹೊತ್ತಿಗೆ ಹಿತ್ತಿಲಲ್ಲಿ ಸದ್ದಾಯಿತು. ಬಾಗಿದ ಬೆನ್ನಿನಲ್ಲೇ ಆ ಹಳೆಯ ಹಂಚನ್ನು ಬೇಲಿಯ ತನಕ ಒಯ್ದು, ಮೂರು ಕಲ್ಲು ಹೂಡಿ, ಬೆಂಕಿ ಹಚ್ಚುತ್ತಿದ್ದರು. ನಾನು ಬಾಗಿಲಿಗೆ ಬಂದೆ.

"ಅಲ್ಲೇ ನಿಂದ್ರು, ಹೊರಗ ಬರಬ್ಯಾಡ" ಅಂದರು, ಸೆರಗೆತ್ತಿ ಗಾಳಿ ಯಾವ ಕಡೆಗಿದೆ ಅಂತ ನೋಡುತ್ತ. "ಗಾಳಿ ತಿರಗಿದ್ರ ಬಾಗಲಾ ಹಾಕ್ಕೋ."