ಕೋಡಿ ಬೀಳದ ಕೆರೆ

ಮದುವೆ ಎರಡೇ ವರ್ಷಕ್ಕೆ ಮುರಿದುಬಿದ್ದು ತವರಿಗೆ ವಾಪಸಾದ ಹೇಮಲತಾ, ಅರಸೀಕೆರೆ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಟೈಪು ಮಾಡುವ ಕೆಲಸಕ್ಕೆ ಸೇರಿಕೊಂಡಳು. ಸಿಕ್ಕಸಿಕ್ಕವರ ಪ್ರಶ್ನೆಗಳಿಗೆ ಉತ್ತರ ಕೊಡುವುದಕ್ಕಿಂತ ಕಂಪ್ಯೂಟರಿಗೆ ಮುಖ ಮಾಡಿ ಕೂರುವುದೇ ಅವಳಿಗೆ ಹಿತವಾಗಿತ್ತು.

ಅವಳ ಅಣ್ಣ ಉದಯಕುಮಾರ್ ಆಗ ಚೆನ್ನೈನಲ್ಲಿ ಸಿನಿಮಾ ಹಾಡುಗಳಿಗೆ ಪಿಟೀಲು ನುಡಿಸುತ್ತಿದ್ದ. ಹುಡುಗನಾಗಿದ್ದಾಗ ರೈಲ್ವೆ ಕಾಲೊನಿಯಲ್ಲಿದ್ದ ಒಬ್ಬ ನಿವೃತ್ತ ಗಾರ್ಡಿನ ಹತ್ತಿರ ಪಾಶ್ಚಾತ್ಯ ಸಂಗೀತದ ಸ್ವರಲಿಪಿ ಕಲಿತು, ಕೊಬ್ಬರಿ ಮಂಡಿ ನಡೆಸುತ್ತಿದ್ದ ಅಪ್ಪನ ಬೈಗುಳಕ್ಕೂ ಜಗ್ಗದೆ ಹೊರಟುಹೋದವನು. ಕಂಪ್ಯೂಟರೊಳಗೇ ಇಡೀ ಪಿಟೀಲು ಮೇಳದ ಸದ್ದು ಸಿಗತೊಡಗಿದ ಮೇಲೆ ಅವನನ್ನು ಕರೆಯುವವರು ಕಡಿಮೆಯಾದರು. ಅಪ್ಪ ತೀರಿಕೊಂಡ ವರ್ಷ ಅವನೂ ಊರಿಗೆ ಬಂದುಬಿಟ್ಟ. ಮದುವೆಯ ಮಾತೆತ್ತಿದರೆ ನಕ್ಕುಬಿಡುತ್ತಿದ್ದ.

ಕೈಯಲ್ಲಿದ್ದ ವಿದ್ಯೆಯನ್ನು ಅವನು ಬೇರೆ ದಾರಿಯಲ್ಲಿ ಹರಿಸಿದ. ದೊಡ್ಡ ಆರ್ಕೆಸ್ಟ್ರಾಗಳಿಗೆ ಸಂಗೀತ ಬರೆಯುವವರು ತಮ್ಮ ಕರಡನ್ನು ಕಳಿಸುತ್ತಿದ್ದರು. ಅವನು ಸ್ವರಲಿಪಿಯ ಸಾಫ್ಟ್‌ವೇರಿನಲ್ಲಿ ಅದನ್ನು ಒಪ್ಪವಾಗಿ ಕೂರಿಸಿ, ಕೊಳಲಿನಿಂದ ನಗಾರಿಯವರೆಗೆ ಎಲ್ಲ ವಾದ್ಯಗಳೂ ಒಂದರ ಕೆಳಗೊಂದು ಬರುವ ಸ್ಕೋರು ಸಿದ್ಧಮಾಡುತ್ತಿದ್ದ. ಆಮೇಲೆ ಪ್ರತಿಯೊಬ್ಬ ವಾದಕನಿಗೂ ಅವನದೇ ಪಾಲನ್ನು ಬಿಡಿಸಿ ಕೊಡುತ್ತಿದ್ದ. ಕೆಲಸ ಮೈಮೇಲೆ ಬಂದಾಗ ತಂಗಿಯನ್ನೂ ಪಕ್ಕದಲ್ಲಿ ಕೂರಿಸಿಕೊಂಡ.

ಅವಳು ಮೊದಲು ಮಾಡಿದ ಪುಟಗಳು ನೋಡಲು ಚಂದವಾಗಿದ್ದವು. ಆದರೂ ಅಣ್ಣ ತಲೆಯಾಡಿಸಿದ.

"ಪಿಟೀಲಿನವನ ಎರಡು ಕೈಯೂ ಬಿಡುವಿಲ್ಲ ಕಣೇ. ಹಾಳೆ ಯಾರು ತಿರುಗಿಸ್ಬೇಕು? ಅವನು ಸುಮ್ಮನಿರೋ ಜಾಗ ಹುಡುಕಿ ಅಲ್ಲಿ ಪುಟ ಮುಗಿಸು."

ಅಂದಿನಿಂದ ಅವಳಿಗೆ ಪುಟದ ಆಚೆ ಕೂತ ಮನುಷ್ಯರು ಕಾಣತೊಡಗಿದರು. ಕೆಲವು ವರ್ಷಗಳಲ್ಲಿ ಅವಳು ಸ್ಕೋರನ್ನು ನೋಡಿಯೇ ಮನಸ್ಸಿನಲ್ಲಿ ಕೇಳಿಸಿಕೊಳ್ಳುವಷ್ಟು ಪಳಗಿದಳು. ಆದರೆ ಜೀವಂತ ಆರ್ಕೆಸ್ಟ್ರಾ ಒಂದನ್ನೂ ಕೇಳಿರಲಿಲ್ಲ. ಕೇಳಿದ್ದೆಲ್ಲ ಕಂಪ್ಯೂಟರು ನುಡಿಸಿ ತೋರಿಸುವ ಸದ್ದು. ಹೆಸರೂ ಅಷ್ಟೇ, ಎಷ್ಟು ಸ್ಕೋರುಗಳಿಗೆ ಕೈ ಹಾಕಿದ್ದರೂ ಒಂದರ ಮೇಲೂ ಅವಳ ಹೆಸರಿರಲಿಲ್ಲ.

ಉದಯಕುಮಾರ್ ಬಿಡುವಾದಾಗ ಬೈಕು ಹತ್ತಿ ಜಾವಗಲ್ ಮೇಲೆ ಹಳೇಬೀಡಿಗೆ ಹೋಗುತ್ತಿದ್ದ. ಗುಡಿಯ ಕಡೆ ತಿರುಗಿ ನೋಡದೆ ಕೆರೆ ಏರಿಯ ಮೇಲೆ ಹೋಗಿ ಕೂರುತ್ತಿದ್ದ. ಚಿಕ್ಕಂದಿನಲ್ಲಿ ಒಂದು ಸಲ ಆ ಕೆರೆ ತುಂಬಿ ಹರಿದು ಕೋಡಿ ಬಿದ್ದದ್ದನ್ನು ಕಂಡಿದ್ದನಂತೆ. ಅದನ್ನೇ ಇಟ್ಟುಕೊಂಡು ತನ್ನದೇ ಒಂದು ಕೃತಿ ಬರೆಯತೊಡಗಿದ್ದ. ಮೂರು ಭಾಗ. ಖಾಲಿ ಕೆರೆ, ತುಂಬುತ್ತಿರುವ ಕೆರೆ, ಕೊನೆಗೆ ಕೋಡಿ. ಚೆನ್ನೈ ದಿನಗಳ ಗೆಳೆಯ ಸಿದ್ಧಾರ್ಥ ಈಗ ಬೆಂಗಳೂರಿನ ಒಂದು ಆರ್ಕೆಸ್ಟ್ರಾ ನಡೆಸುತ್ತಿದ್ದ. ಮೊದಲೆರಡು ಭಾಗ ನೋಡಿ, ಮೂರನೆಯದು ದೀಪಾವಳಿಯೊಳಗೆ ಕೈಸೇರಿದರೆ ಈ ವರ್ಷವೇ ನುಡಿಸುತ್ತೇವೆಂದು ಮಾತು ಕೊಟ್ಟ.

ಮೂರನೆಯ ಭಾಗ ಶುರುವಾಗಿ ಒಂದಿಷ್ಟು ಪುಟ ಸಾಗಿತ್ತು. ಒಂದು ಬೆಳಿಗ್ಗೆ ಹೇಮಲತಾ ಕಾಫಿ ತಂದಿಟ್ಟಾಗ ಅಣ್ಣ ಕೀಬೋರ್ಡಿನ ಮೇಲೆ ವಾಲಿಕೊಂಡಿದ್ದ. ಸ್ಕೋರಿನಲ್ಲಿ ಒಂದೇ ಸ್ವರ ಸಾಲುಸಾಲಾಗಿ ಮೂಡುತ್ತ ಹೋಗುತ್ತಿತ್ತು. ಹಾಸನದ ಆಸ್ಪತ್ರೆಯಿಂದ ಮನೆಗೆ ಕರೆತಂದಾಗ ಅವನ ಬಲಗೈ, ಬಲಗಾಲು ಸತ್ತಿದ್ದವು. ಮಾತು ಹೋಗಿತ್ತು. ಸ್ಟ್ರೋಕ್ ಆಗಿದೆ, ಕಿವಿಗೆ ಬೀಳುತ್ತದೆ, ತಿಳಿಯುತ್ತದೆ, ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರು. ಉಳಿದದ್ದು ಒಂದೇ ಮಾತು. ಊಟ ಬೇಕೇ ಎಂದರೂ "ಆಯ್ತು", ನೋಯುತ್ತಿದೆಯೇ ಎಂದರೂ "ಆಯ್ತು". ತಾಯಿ ಬಸಮ್ಮ ಅದನ್ನು ಕೇಳಲಾರದೆ ಸೆರಗು ಬಾಯಿಗೊತ್ತಿ ಹಿತ್ತಲಿಗೆ ಹೋಗುತ್ತಿದ್ದರು.

ಕೃತಿಯ ಉಳಿದ ಭಾಗವನ್ನು ತಾನೇ ಬರೆದು ಮುಗಿಸಲು ಹೇಮಲತಾ ಕೂತಳು. ಅಣ್ಣ ಹಾರ್ನುಗಳನ್ನು ಎಲ್ಲಿ ತರುತ್ತಾನೆ, ಪಿಟೀಲುಗಳನ್ನು ಎಲ್ಲಿಯವರೆಗೆ ತಡೆದಿಟ್ಟಿರುತ್ತಾನೆ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಬರೆಯುತ್ತ ಬರೆಯುತ್ತ ಅವಳು ತನ್ನನ್ನೇ ಮರೆತಳು. ಕಟ್ಟೆಯೊಡೆದಂತೆ ಟ್ರಂಪೆಟ್ಟು, ನಗಾರಿ ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಬದುಕಿನಲ್ಲಿ ಅಷ್ಟು ಸಂತೋಷವನ್ನು ಅವಳು ಕಂಡೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಅಣ್ಣ ಮಗ್ಗುಲು ಬದಲಿಸಲಾಗದೆ ನರಳುವುದು ಕೇಳಿಸಿದಾಗ ಆ ಸಂತೋಷಕ್ಕೆ ತಾನೇ ನಾಚಿಕೊಂಡಳು.

ಮುಗಿದ ಮೇಲೆ ಸ್ಪೀಕರನ್ನು ಅವನ ಮಂಚದ ಪಕ್ಕಕ್ಕೆ ತಂದಿಟ್ಟು ನುಡಿಸಿದಳು. ಅವನು ಕಣ್ಣುಮುಚ್ಚಿ ಎಡಗೈ ಬೆರಳಿನಿಂದ ಲಯ ಹಾಕುತ್ತಿದ್ದ. ಅವನ ಬರಹ ಮುಗಿದು ಇವಳದು ಶುರುವಾದಲ್ಲಿ ಬೆರಳು ನಿಂತಿತು.

"ಚೆನ್ನಾಗೈತಾ ಅಣ್ಣ?"

"ಆಯ್ತು."

ನಗಾರಿ ಹೆಚ್ಚಾಯಿತೇನೋ ಎಂದು ತೆಗೆದು, ಟ್ರಂಪೆಟ್ಟುಗಳನ್ನು ತಗ್ಗಿಸಿ ಮತ್ತೆ ಕೇಳಿಸಿದಳು. ಬೆರಳು ಅಲ್ಲೇ ನಿಂತಿತು. ಇನ್ನೊಮ್ಮೆ ತಿದ್ದಿ ತಂದಾಗ ಅವನು ಬೆರಳಾಡಿಸುವುದನ್ನು ಬಿಟ್ಟು, ಎಡಗೈ ಚಾಚಿ ಸ್ಪೀಕರಿನ ವಯರನ್ನು ಎಳೆದು ಕಿತ್ತ. ಸದ್ದು ನಿಂತಿತು. ಅವನ ಕಣ್ಣಲ್ಲಿ ನೀರಿಳಿಯುತ್ತಿತ್ತು. ಅದೇ ಕೈಯಿಂದ ತಂಗಿಯ ಕೈಯನ್ನು ಹಿಡಿದು ಸವರುತ್ತ, "ಆಯ್ತು, ಆಯ್ತು" ಅಂದ. ಮುಗಿಯಿತು, ಇಷ್ಟು ಸಾಕು, ಎಂದು ಹೇಳುತ್ತಿದ್ದಾನೆಂದು ಅವಳಿಗೆ ಆಗ ತಿಳಿಯಿತು.

ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅಣ್ಣನ ಸ್ಥಿತಿಗಾಗಿ ಅತ್ತದ್ದಲ್ಲ. ತನ್ನದೆಂಬುದು ಒಂದಾದರೂ ಇರಬಾರದೇ ಎಂಬ ಸಿಟ್ಟಿಗೆ ಅತ್ತಳು. ಬಸಮ್ಮ ಹೊರಗಿನಿಂದ ಕರೆದರು, ಇವಳು ತೆಗೆಯಲಿಲ್ಲ.

ಸಿದ್ಧಾರ್ಥನಿಗೆ ಎಲ್ಲವನ್ನೂ ಫೋನಿನಲ್ಲಿ ಹೇಳಿದಳು. ಅವಳು ಬರೆದದ್ದನ್ನು ಅವನು ಆಗಲೇ ತರಿಸಿಕೊಂಡು ನೋಡಿದ್ದ, ಮೆಚ್ಚಿಯೂ ಇದ್ದ.

"ಇಬ್ಬರ ಹೆಸರೂ ಹಾಕೋಣ ಹೇಮಾ ಅವರೇ. ನ್ಯಾಯವಾಗಿ ಅದು ನಿಮಗೆ ಸೇರಬೇಕಾದ್ದು. ಅರ್ಧಕ್ಕೆ ನಿಂತ್ರೆ ಜನಕ್ಕೆ ಚಪ್ಪಾಳೆ ಎಲ್ಲಿ ತಟ್ಟಬೇಕು ಅನ್ನೋದೂ ತಿಳಿಯಲ್ಲ."

ಅವಳಿಗೆ ಆಸೆಯಾಯಿತು.

"ಅವನು ಬ್ಯಾಡ ಅಂತವ್ನೆ ಸಾರ್," ಎಂದಳು. "ಅವನಿಗೆ ಹೇಳೋಕೆ ಉಳಿದಿರೋದು ಅದೊಂದೇ. ಅದನ್ನೂ ಕೇಳಿಸ್ಕಳ್ದೆ ಇದ್ರೆ ಹೆಂಗೆ?"

ತಾನು ಬರೆದದ್ದನ್ನೆಲ್ಲ ಅಳಿಸಿದಳು. ಪ್ರತಿ ಕೂಡ ಇಟ್ಟುಕೊಳ್ಳಲಿಲ್ಲ, ಸಿದ್ಧಾರ್ಥನ ಹತ್ತಿರ ಇದ್ದದ್ದನ್ನೂ ಅಳಿಸಿಸಿದಳು. ಕೃತಿ ಈಗ ಪಿಟೀಲಿಗಿಂತ ಕೊಂಚ ದಪ್ಪ ದನಿಯ ವಯೋಲಾಗಳ ಒಂದು ನೀಳ ಸ್ವರದ ಮೇಲೆ ನಿಲ್ಲುತ್ತಿತ್ತು. ಕೊನೆಯಲ್ಲಿ ಮುಕ್ತಾಯದ ದಪ್ಪ ಗೆರೆಯನ್ನು ಸಾಫ್ಟ್‌ವೇರು ತಾನಾಗಿಯೇ ಎಳೆದುಬಿಡುತ್ತದೆ. ಅವಳು ಅದನ್ನು ತೆಗೆದು, ಮುಂದೆ ಇನ್ನೂ ಇದೆ ಎನ್ನುವಂಥ ಸಣ್ಣ ಗೆರೆ ಇಟ್ಟಳು. ಎಲ್ಲ ವಾದ್ಯಗಳ ಪಾಲನ್ನೂ ಹಾಗೇ ಮುಗಿಸಿ ಕಳಿಸಿದಳು.

ಕಾರ್ತಿಕ ಕಳೆಯುವ ಮೊದಲೇ ಉದಯಕುಮಾರನಿಗೆ ಮತ್ತೆ ಸ್ಟ್ರೋಕ್ ಆಯಿತು. ಈ ಸಲ ಆಸ್ಪತ್ರೆಯವರೆಗೂ ಹೋಗಲಿಲ್ಲ. ಮಠದಿಂದ ಸ್ವಾಮಿಗಳು ಬಂದರು. ಹಣೆಗೆ ವಿಭೂತಿ ಬಳಿದು, ಪದ್ಧತಿಯಂತೆ ಕೂತ ಭಂಗಿಯಲ್ಲೇ ತೆಂಗಿನ ತೋಟದ ಮೂಲೆಯಲ್ಲಿ ಮಣ್ಣು ಮಾಡಿದರು.

ಅಣ್ಣನ ಕೃತಿ ನುಡಿಸುವ ಕಛೇರಿಗೆ ಹೇಮಲತಾ ಒಬ್ಬಳೇ ರೈಲು ಹತ್ತಿ ಬೆಂಗಳೂರಿಗೆ ಹೋದಳು. ಸಿದ್ಧಾರ್ಥ ಕೈಯೆತ್ತಿದ. ಸ್ವರ ಹೊರಡುವ ಮುನ್ನ ವೇದಿಕೆಯ ಮೇಲಿದ್ದವರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತು. ಇಷ್ಟು ವರ್ಷ ಕಂಪ್ಯೂಟರು ಅದನ್ನು ಕೇಳಿಸಿರಲಿಲ್ಲ. ಅಣ್ಣನಿಗೆ ಅದು ಗೊತ್ತಿತ್ತು, ಅದನ್ನು ಬಿಟ್ಟು ಬಂದು ಅರಸೀಕೆರೆಯ ಕೋಣೆಯಲ್ಲಿ ಇಷ್ಟು ಕಾಲ ಕೂತಿದ್ದನಲ್ಲ ಎಂದು ನೆನೆದಳು.

ವಯೋಲಾಗಳ ಸ್ವರ ಸಣ್ಣಗಾಗಿ ನಿಂತಿತು. ಯಾರೂ ಅಲುಗಲಿಲ್ಲ. ಸಿದ್ಧಾರ್ಥ ಕೈ ಇಳಿಸಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಎಷ್ಟೋ ಹೊತ್ತಿನ ಮೇಲೆ ಚಪ್ಪಾಳೆ ಅಲ್ಲಲ್ಲಿ, ಅನುಮಾನಿಸುತ್ತ ಎದ್ದಿತು.

ಮರುದಿನ ಮನೆಗೆ ಬಂದಾಗ ಬಸಮ್ಮ ಕೇಳಿದರು:

"ಜನ ಏನಂದ್ರವ್ವ?"

"ಏನೂ ಅನ್ನಲಿಲ್ಲ ಅವ್ವ. ಬಾಳ ಹೊತ್ತು ಸುಮ್ಮನೆ ಕೂತಿದ್ರು."

ಬಸಮ್ಮನಿಗೆ ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಮಗಳ ಮುಖ ನೋಡಿ, ತಟ್ಟೆ ಹಾಕಿ ರೊಟ್ಟಿ ಬಡಿಸಿದರು. ಹೇಮಲತಾ ಎರಡು ತುತ್ತು ತಿಂದು ಕೈ ತೊಳೆದಳು. ಚೆನ್ನೈನಿಂದ ಹೊಸದೊಂದು ಸ್ಕೋರಿನ ಕರಡು ಬಂದಿತ್ತು, ಅವಸರದ್ದು.