ಬಾಗಿಲ ಕಡೆ ತಿರುಗಿದ ಮೀನುಗಳು

ಗೋಡೆಯ ಮೇಲಿನ ಚಿತ್ರ ತಾನಾಗಿ ಮಿಸುಕಾಡಿತು ಎಂದು ಯಾರಾದರೂ ಹೇಳಿದ್ದರೆ, ಹಿಂದೆ ನಾನು ಅವರೆದುರಿಗೇ ನಕ್ಕುಬಿಡುತ್ತಿದ್ದೆ. ಹುಟ್ಟಿ ಬೆಳೆದದ್ದು ಕಾಶಿಯಲ್ಲಿ, ನಮ್ಮ ಕಡೆಯವರ ಮಠವಿರುವ ಜಂಗಮವಾಡಿಯಲ್ಲಿ. ಇಲ್ಲಿ ಗಲ್ಲಿಗೊಂದು ಪವಾಡ, ಪವಾಡಕ್ಕೆ ಹತ್ತು ಸಾಕ್ಷಿ. ನೀವು ನಂಬಲೇಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೇ ಪೂರ್ತಿ ನಂಬಿಕೆಯಿಲ್ಲ.

ಆಗ ನನಗೆ ಇಪ್ಪತ್ತೆರಡು. ಸಮುದ್ರ ಕಂಡವಳಲ್ಲ, ಆದರೆ ಹವಳದ ದಿಬ್ಬಗಳ ನಡುವೆ ಈಜುವ ಬಣ್ಣದ ಮೀನುಗಳ ಹುಚ್ಚು ಹಿಡಿದಿತ್ತು. ಮೊಬೈಲಿನಲ್ಲಿ ನೋಡುವುದು, ಬರೆಯುವುದು, ಹರಿದು ಹಾಕುವುದು. "ಲಿಂಗ ಕಟ್ಟಿದ ಮನ್ಯಾಗ ಹುಟ್ಟಿ ದಿನಾ ಮೀನಿಂದs ಧ್ಯಾನ ಅಲ್ಲೇನs ನಿಂದು!" ಎಂದು ಅವ್ವ ಛೇಡಿಸುತ್ತಿದ್ದಳು.

ಕಾಶಿಯಲ್ಲಿ ಮದುವೆ ಮನೆಯ ಬಾಗಿಲ ಅಕ್ಕಪಕ್ಕದ ಗೋಡೆಗೆ ಚಿತ್ರ ಬರೆಸುತ್ತಾರೆ: ಗಣಪತಿ, ಕಳಶ, ಮೀನು. ನೆರೆಮನೆಯ ಹಿಂದಿ ಮುದುಕಿಯನ್ನು ಗಲ್ಲಿಯವರೆಲ್ಲ ದಾದಿ, ಅಂದರೆ ಅಜ್ಜಿ, ಎನ್ನುತ್ತಿದ್ದೆವು. ಅವರು ಮೊಮ್ಮಗನ ಮದುವೆಗೆ ಆ ಕೆಲಸ ನನಗೆ ಒಪ್ಪಿಸಿದರು. ಹೊರಗಿನವರು ನನ್ನನ್ನು ನಂಬಿ ಕೊಟ್ಟ ಮೊದಲ ಕೆಲಸ ಅದು. ಗಂಗೆಯ ಮೀನಿನ ಬದಲು ಬಾಗಿಲ ಆಚೆಗೊಂದು ಈಚೆಗೊಂದು, ಗಿಳಿಯಂಥ ಕೊಕ್ಕಿರುವ ಹಸಿರು-ನೀಲಿ ಮೀನು ಬರೆದು, ಹಿಗ್ಗಿನಿಂದ ಫೋಟೋ ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ದಾದಿ ನೋಡಿದವರೇ ಎದೆ ಬಡಿದುಕೊಂಡರು. ತಪ್ಪು ಬಣ್ಣದ್ದಲ್ಲ, ಕೊಕ್ಕಿನದ್ದೂ ಅಲ್ಲ.

"ಅರೇ ಬಿಟಿಯಾ! ಮೀನು ಮನೆಯೊಳಗೆ ಬರಬೇಕು. ಇವು ಬಾಗಿಲಿಗೆ ಬೆನ್ನು ಹಾಕಿ ಹೊರಟಿವೆಯಲ್ಲ! ಸೊಸೆ ಒಳಗೆ ಬರೋ ಹೊತ್ತಿಗೆ ಭಾಗ್ಯ ಹೊರಗೆ ಹೋಗಬೇಕಾ?" ಎಂದರು ಹಿಂದಿಯಲ್ಲಿ. ಸಂಜೆಯೊಳಗೆ ಸುಣ್ಣ ಬಳಿಯಬೇಕು, ಹೊಸದಾಗಿ ಬರೆಯಲು ಹಳೆಯ ಪೇಂಟರನೇ ಬರುತ್ತಾನೆ ಎಂದೂ ಹೇಳಿಬಿಟ್ಟರು.

ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸುಣ್ಣ ತರಲು ಗೋದೌಲಿಯಾ ಪೇಟೆಗೆ ಹೊರಟೆ. ಹೊಸ ಬಣ್ಣದ ಗೋಡೆ ಕಂಡರೆ ನಮ್ಮ ಗಲ್ಲಿಯ ಹಸುಗಳು ಮೈ ಉಜ್ಜದೆ ಬಿಡುವುದಿಲ್ಲ. "ಸಂಜೀತನಕಾದ್ರೂ ಚಂದ ಇರ್ಲಿ ಬಿಡು" ಎಂದು ಅವ್ವ ಕೋಲು ಹಿಡಿದು ಬಾಗಿಲ ಮುಂದೆ ಕಾವಲು ಕೂತಳು.

ಮಧ್ಯಾಹ್ನ ವಾಪಸು ಬಂದರೆ ಎರಡೂ ಮೀನುಗಳು ಬಾಗಿಲ ಕಡೆ ಮುಖ ಮಾಡಿದ್ದವು! ಹತ್ತಿರ ಹೋಗಿ ಮುಟ್ಟಿ ನೋಡಿದೆ. ಬಣ್ಣ ಒಣಗಿತ್ತು, ಅಳಿಸಿ ಬರೆದ ಗುರುತೇ ಇರಲಿಲ್ಲ. ಬಣ್ಣವೆಲ್ಲ ನನ್ನದೇ, ಆದರೆ ಹೊರಳುವಾಗ ಬಾಲ ಬಾಗುವ ಆ ಬಾಗು ಮಾತ್ರ ನನ್ನದಲ್ಲ. ಆರು ತಿಂಗಳು ಹೆಣಗಿದರೂ ಅದು ನನ್ನ ಕೈಗೆ ಬಂದಿರಲಿಲ್ಲ.

ಅವ್ವ ಗೋಡೆಗೆ ಬೆನ್ನು ಕೊಟ್ಟು ಗಲ್ಲಿ ನೋಡುತ್ತಾ ಕೂತಿದ್ದಳಂತೆ. "ಗೋಡೆ ಹತ್ರ ಒಂದು ನರಪಿಳ್ಳೇನೂ ಬಂದಿಲ್ಲ. ದಾದಿ ಹೇಳಿದ ಮಾತು ಕೇಳ್ಯಾವ ನೋಡು, ನಿನ್ಹಂಗಲ್ಲ!" ಎಂದು ನಕ್ಕಳು. ಅವಳಿಗೆ ರಂಗೋಲಿಯ ಗೆರೆಯೂ ನೆಟ್ಟಗೆ ಬರುವುದಿಲ್ಲ.

ದಾದಿ ಮಾತ್ರ ನಾನೇ ತಿದ್ದಿದೆನೆಂದು ತಿಳಿದು, "ಶಾಬಾಶ್" ಎಂದು ಬೆನ್ನು ತಟ್ಟಿದರು. ಇಲ್ಲ ಎನ್ನಲು ಬಾಯಿ ತೆರೆದೆ, ಅದರೊಳಗೆ ಲಡ್ಡು ತುರುಕಿದರು.

ಅಲ್ಲಿಂದ ನನಗೆ ಕೆಲಸಕ್ಕೆ ಬರವಿಲ್ಲ. ಬಂದವರೆಲ್ಲ ಆ ಗೋಡೆಯನ್ನೇ ತೋರಿಸಿ, ಹಾಗೇ ಬರೆದುಕೊಡು ಎನ್ನುತ್ತಾರೆ. ಬರೆಯುತ್ತೇನೆ, ಚೆನ್ನಾಗಿಯೇ ಬರೆಯುತ್ತೇನೆ, ಆದರೆ ಹಾಗೆ ಬರುವುದಿಲ್ಲ. ಅವತ್ತು ಬರೆದವರು ಯಾರೆಂದು ಗೊತ್ತಾದರೆ, ದೇವರಾಣೆ, ಮೊದಲು ಕಾಲಿಗೆ ಬೀಳುತ್ತೇನೆ. ಆಮೇಲೆ ಕೈಗೆ ಕುಂಚ ಕೊಟ್ಟು, ಆ ಬಾಲ ಇನ್ನೊಮ್ಮೆ ನಿಧಾನವಾಗಿ ಬರೆದು ತೋರಿಸಿ ಎನ್ನುತ್ತೇನೆ.