ಉಪ್ಪು ಮುಟ್ಟದ ಸನ್ಯಾಸಿ

ನನ್ನ ಮದುವೆಯ ಮಾತಿಗೆ ಒಬ್ಬ ಮಾಂತ್ರಿಕ ಅಡ್ಡ ಬಂದಿದ್ದ ಎಂದರೆ ನಮ್ಮ ಮನೆಯ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಅವನು ನಿಂಬೆಹಣ್ಣು ಕೊಯ್ಯುವ ಊರ ಮಾಟಗಾರನಲ್ಲ. ಬಾಡಿಗೆಗೆ ತಂದು ಓದುವ ಕತೆ ಪುಸ್ತಕದೊಳಗಿನವನು.

ಅರವತ್ತನೇ ಇಸವಿಯ ಆಸುಪಾಸಿನ ಮಾತು. ನಾವು ದಾವಣಗೆರೆಗೆ ಹತ್ತಿದಂತಿದ್ದ ನಿಟ್ಟುವಳ್ಳಿಯಲ್ಲಿದ್ದೆವು, ಆಗ ಅದಿನ್ನೂ ಹಳ್ಳಿಯೇ. ಅಪ್ಪ ಹೊಲ ನೋಡಿಕೊಳ್ಳುತ್ತಿದ್ದ, ಅಣ್ಣ ಹತ್ತಿ ಗಿರಣಿಗೆ ಹೋಗುತ್ತಿದ್ದ. ನನ್ನನ್ನು ಏಳನೇ ಕ್ಲಾಸಿಗೇ ಸಾಕು ಎಂದು ಬಿಡಿಸಿದ್ದರು. ಪೇಟೆಯ ಬಾಡಿಗೆ ಪುಸ್ತಕದ ಅಂಗಡಿಯಿಂದ ಅಣ್ಣ ಮಾಯಾ ಮಂತ್ರದ ಕಾದಂಬರಿ ತರುತ್ತಿದ್ದ. ಅವನು ಗಿರಣಿಗೆ ಹೊರಟ ಮೇಲೆ ನಾನು ಓದುತ್ತಿದ್ದೆ. ಅವ್ವ ಕಂಡೂ ಕಾಣದಂತೆ ಇರುತ್ತಿದ್ದಳು, ರೊಟ್ಟಿ ಸೀದರೆ ಮಾತ್ರ ಬಯ್ಯುತ್ತಿದ್ದಳು.

ಆ ಪುಸ್ತಕಗಳ ಮಜವೇ ಬೇರೆ. ಒಂದೊಂದು ಪುಸ್ತಕ ಒಂದೊಂದು ರಾಜ್ಯದ ಕತೆ. ಒಂದು ಗುಡ್ಡದ ಕೋಟೆಯದು, ಒಂದು ನಡುಗಡ್ಡೆಯದು, ಇನ್ನೊಂದು ಕೆರೆಯೊಳಗೆ ಮುಳುಗಿದ ಊರಿನದು. ಬಿಡಿ ಬಿಡಿ ಕತೆ ಎಂದುಕೊಂಡೇ ಎಲ್ಲರೂ ಓದಿದ್ದರು. ಆಮೇಲೆ ಯಾರಿಗೋ ಹೊಳೆಯಿತು. ಕೋಟೆಯಲ್ಲಿ ಕಳುವಾದ ಗಂಟೆ ಆ ಮುಳುಗಿದ ಊರಿನಲ್ಲಿ ಬಾರಿಸುತ್ತಿದೆ! ಒಂದರಲ್ಲಿ ಗಂಡನ ಮೇಲೆ ಮುನಿದು ಹೋದ ರಾಣಿ ಇನ್ನೊಂದರಲ್ಲಿ ಯಾರಿಗೋ ಅತ್ತೆ. ಅಷ್ಟು ಸಾಕಾಯಿತು ನೋಡಿ. ಬಸ್ಸಿನಲ್ಲಿ ಪಕ್ಕಕ್ಕೆ ಕೂತವರನ್ನೂ ‘ಯಾವೂರು, ಯಾರ ಪೈಕಿ’ ಎಂದು ಕೇಳಿ ನೆಂಟಸ್ತನ ಹಚ್ಚುವ ಜನ ನಾವು, ರಾಜರನ್ನು ಬಿಡುತ್ತೇವೆಯೇ? ಯಾರು ಯಾರಿಗೆ ಸೋದರಮಾವ, ಯಾವ ಶಾಪ ಯಾವ ಮನೆತನದ್ದು ಎಂದು ಓದಿದವರೆಲ್ಲ ಹುಡುಕಲು ಕೂತರು. ಬರೆದವನು ಯಾವೂರವನೋ ಯಾರಿಗೂ ಗೊತ್ತಿರಲಿಲ್ಲ. ಮುಂದಿನ ಪುಸ್ತಕ ಬರುವ ತನಕ ಊಹೆಯೇ ಊಟ.

ಎಲ್ಲಕ್ಕಿಂತ ದೊಡ್ಡ ಜಗಳ ಇಬ್ಬರದು. ಎಲ್ಲ ರಾಜ್ಯಕ್ಕೂ ಶಾಪ ಕೊಡುವ ಒಬ್ಬ ಮಾಂತ್ರಿಕನಿದ್ದ. ಎಲ್ಲ ಶಾಪವನ್ನೂ ಬಿಡಿಸುವ ಒಬ್ಬ ಸನ್ಯಾಸಿಯಿದ್ದ. ಇಬ್ಬರೂ ಎದುರಾಬದುರು ಬಂದದ್ದು ಯಾವ ಪುಸ್ತಕದಲ್ಲೂ ಇಲ್ಲ. ಹಾಗಾದರೆ ಇಬ್ಬರೂ ಒಬ್ಬನೇ ಇರಬೇಕು ಎಂದು ಕೆಲವರು, ಬೇರೆ ಬೇರೆ ಎಂದು ಕೆಲವರು. ಬೇರೆ ಎನ್ನುವವರಿಗೆ ನಮ್ಮಣ್ಣ ಮುಂದಾಳು. ಒಬ್ಬನೇ ಎನ್ನುವವರ ಕಡೆ ಹರಿಹರದ ಒಬ್ಬ ಹುಡುಗ. ಅವನು ದಾವಣಗೆರೆಯ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದು ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದ. ಪುಸ್ತಕದಂಗಡಿಯ ಪಕ್ಕದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತ ಇಬ್ಬರೂ ವಾದಕ್ಕೆ ಬೀಳುತ್ತಿದ್ದರಂತೆ, ಸುತ್ತ ಜನ ಸೇರುತ್ತಿತ್ತಂತೆ.

ಅಣ್ಣ ಮನೆಗೆ ಬಂದು ಅವನನ್ನು ಅಣಕಿಸುತ್ತಿದ್ದ.

“ಕೇಳವ್ವ, ಆ ಹರಿಹರದವ ಏನಂತಾನೆ ಗೊತ್ತೇನು? ಸನ್ಯಾಸಿ ಯಾರ ಮನ್ಯಾಗೂ ಉಪ್ಪು ಮುಟ್ಟಲ್ಲಂತೆ. ಉಪ್ಪುಂಡ ಮನೆಗೆ ಕೇಡು ಮಾಡಂಗಿಲ್ಲ, ನಾಳೆ ಮಾಂತ್ರಿಕ ಆಗಿ ಅದೇ ಮನೆಗೆ ಶಾಪ ಕೊಡಬೇಕಲ್ಲ, ಅದಕ್ಕೇ ಅಂತೆ! ತಲೆ ಕೆಟ್ಟೈತೆ ಅವಂಗೆ.”

ರೊಟ್ಟಿ ತಟ್ಟುತ್ತಿದ್ದ ನನ್ನ ಕೈ ನಿಂತಿತು. ಸನ್ಯಾಸಿ ಎಲ್ಲ ಕಡೆ ಬರೀ ಹಾಲು ಹಣ್ಣು ತಿನ್ನುವುದನ್ನು ನಾನೂ ಓದಿದ್ದೆ, ಸನ್ಯಾಸಿಯಲ್ಲವೇ ಎಂದು ಬಿಟ್ಟುಬಿಟ್ಟಿದ್ದೆ. ಅವನು ಬಿಟ್ಟಿರಲಿಲ್ಲ. ಮುಖ ನೋಡದವನ ಕಡೆಗೆ ನನ್ನ ಮನಸ್ಸು ಆವತ್ತೇ ವಾಲಿತು, ಈ ವಯಸ್ಸಿನಲ್ಲಿ ಮುಚ್ಚಿಡುವುದೇನಿದೆ.

ಅವನು ಇನ್ನೇನು ಹೇಳುತ್ತಾನೋ ಕೇಳಬೇಕು ಅನಿಸಿತು. ಅದಕ್ಕೆ ಅಣ್ಣನಿಗೆ ಒಂದು ಆಕ್ಷೇಪಣೆ ಕಟ್ಟಿಕೊಟ್ಟೆ. “ಅಣ್ಣಾ, ಅವ್ನಿಗೆ ಇದು ಕೇಳು. ಕಾರ್ತೀಕದ ಅಮಾಸೆ ದಿನ ಸನ್ಯಾಸಿ ಹೊಳೆ ದಾಟ್ತಿದ್ದ. ಅದೇ ಕಾರ್ತೀಕದ ಅಮಾಸೆ ಮಾಂತ್ರಿಕ ಗವಿಯಾಗೆ ಕುಂತಿದ್ದ. ಒಬ್ನೇ ಆಗಿದ್ರೆ ಎರಡು ಕಡೆ ಹೆಂಗಿದ್ದ?”

ಅಣ್ಣ ಎದೆಯುಬ್ಬಿಸಿಕೊಂಡು ಹೋದ, ಮುಖ ಇಳಿಸಿಕೊಂಡು ಬಂದ. “ಅವರ ಅಂಗಡಿ ಸೇಟು ಬಡಗಲ ದೇಶದೋನಂತೆ. ದೀಪಾವಳಿ ಅಮಾಸೆಗೆ ನಾವು ಆಶ್ವೀಜದ್ದು ಅಂದ್ರೆ ಅವ್ರು ಕಾರ್ತೀಕದ್ದು ಅಂತಾರಂತೆ. ರಾಜ್ಯ ಬ್ಯಾರೆ ಆದ್ರೆ ತಿಂಗಳೂ ಬ್ಯಾರೆ, ಒಂದ್ ತಿಂಗಳು ಹಿಂದೆ ಮುಂದೆ ಆಯ್ತು ಅಂತಾನೆ. ಥೂ ಅವನ!”

ನಾನು ತಲೆ ತಗ್ಗಿಸಿ ನಕ್ಕೆ. ಹೀಗೇ ನಡೆಯಿತು. ನಾನು ಇಲ್ಲಿಂದ ಪ್ರಶ್ನೆ ಕಳಿಸುವುದು, ಅವನು ಅಲ್ಲಿಂದ ಉತ್ತರ ಕಳಿಸುವುದು, ನಡುವೆ ನಮ್ಮಣ್ಣ ಬಯ್ಯುತ್ತ ಹೊತ್ತು ತರುವುದು. ಒಂದು ದಿನ ಅವನು ಅಣ್ಣನಿಗೆ, “ಈ ಪ್ರಶ್ನೆಗಳು ನಿನ್ನ ತಲ್ಯಾಗೆ ಹುಟ್ಟಿದ್ವಲ್ಲ ಬಿಡು, ಯಾರವು?” ಎಂದು ಕೇಳಿದನಂತೆ. ಅಣ್ಣ ಪೆದ್ದ, “ನಮ್ಮ ತಂಗಿವು” ಎಂದುಬಿಟ್ಟ. ಅಲ್ಲಿಂದ ಮುಂದೆ ಉತ್ತರಗಳು ‘ನಿನ್ನ ತಂಗಿಗೆ ಹೇಳು’ ಎಂದೇ ಶುರುವಾಗತೊಡಗಿದವು.

“ನಿನ್ನ ತಂಗಿಗೆ ಹೇಳು, ನಮ್ಮೂರ ಗುಡಿಗೆ ಬಂದು ನೋಡ್ಲಿ ಅಂತಾನೆ” ಎಂದು ಅಣ್ಣ ಒಮ್ಮೆ ಸಿಡುಕಿದ. “ಬಲಕ್ಕೆ ಹರ, ಎಡಕ್ಕೆ ಹರಿ, ಮೈ ಒಂದೇ. ಕೊಲ್ಲೋನೂ ಅವ್ನೇ, ಕಾಯೋನೂ ಅವ್ನೇ. ದೇವರಿಗೆ ಆಗೋದು ಮಾಂತ್ರಿಕಂಗೆ ಯಾಕ ಆಗಬಾರದು ಅಂತಾನೆ.”

ಆ ಮಾತನ್ನು ನಾನು ಎಷ್ಟು ಸಲ ಮೆಲುಕು ಹಾಕಿದೆನೋ! ಆಮೇಲೆ ಹೆಚ್ಚು ದಿನ ಹೋಗಲಿಲ್ಲ, ಹರಿಹರದಿಂದ ಅವನ ಮನೆಯವರು ಹೆಣ್ಣು ಕೇಳಿಕೊಂಡು ಬಂದರು. ನಮ್ಮವರೇ, ಹೊಲ ಮನೆ ಇದ್ದವರು. ಅಪ್ಪನಿಗೆ ಒಪ್ಪಿಗೆಯಾಯಿತು. ಅಣ್ಣ ಮಾತ್ರ, “ಅಯ್ಯೋ ಶಿವನೇ, ಜನ್ಮ ಪೂರ್ತಿ ಅವನ ವಾದ ಕೇಳಬೇಕಲ್ಲ” ಎಂದು ಹಣೆ ಬಡಿದುಕೊಂಡ. ಅದು ತಮಾಷೆಗೆ. ಒಳಗೊಳಗೆ ಅವನಿಗೂ ಖುಷಿಯೇ.

ನಮ್ಮ ಕಡೆಯವರು ಮನೆ ನೋಡಲು ಹರಿಹರಕ್ಕೆ ಹೋದರು. ಸಂಜೆ ವಾಪಸು ಬಂದಾಗ ಅವ್ವನ ಮುಖ ಸುಟ್ಟ ಬದನೆಕಾಯಿಯಾಗಿತ್ತು. ಏನಾಯಿತು ಎಂದರೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳಿಂದಲೇ ಎಲ್ಲ ತಿಳಿದದ್ದು.

ಉಂಡು ಎಲೆ ಅಡಿಕೆ ಹಾಕಿಕೊಳ್ಳುವಾಗ ಹುಡುಗನೂ ಅಣ್ಣನೂ ಮತ್ತೆ ಅದೇ ವಾದಕ್ಕೆ ಬಿದ್ದಿದ್ದರು. ಮೊದಮೊದಲು ನಗು. ಅಣ್ಣ ಸೋಲುತ್ತ ಬಂದ, ಸುತ್ತ ಕೂತ ಅವರ ಕಡೆಯ ಹುಡುಗರು ಕೇಕೆ ಹಾಕಿದರು. ನಮ್ಮಣ್ಣನ ಸಿಟ್ಟು ಮೂಗಿನ ತುದಿಯಲ್ಲಿ. ಎದ್ದು ನಿಂತು ಜೋರಾಗಿ ಹೇಳಿಬಿಟ್ಟ: “ನಿಮ್ಮೂರಾಗೆ ಎಲ್ಲಾ ಹಂಗೇ ಬಿಡ್ರಿ. ದೇವರನ್ನೇ ಅರ್ಧ ಅರ್ಧ ಮಾಡಿ ನಿಲ್ಸಿದೀರಿ, ಇನ್ನ ಮಾಂತ್ರಿಕನ್ನ ಬಿಡ್ತೀರೇನು?”

ಹುಡುಗನ ಅಪ್ಪನಿಗೆ ಮಾಂತ್ರಿಕನೂ ಗೊತ್ತಿಲ್ಲ, ಪುಸ್ತಕವೂ ಗೊತ್ತಿಲ್ಲ. ಅವರ ಕಿವಿಗೆ ಬಿದ್ದದ್ದು ದೇವರ ಮಾತೊಂದೇ. ಬಾಯಲ್ಲಿದ್ದ ಎಲೆ ಉಗಿದು ಬಂದು, “ನಮ್ಮನ್ಯಾಗೆ ಉಪ್ಪುಂಡು, ಬಾಯಿ ಒರೆಸ್ಕಳ್ಳೋಕೆ ಮುಂಚೆ ನಮ್ಮ ದೇವರಿಗೇ ಅಂತೀಯಲ್ಲಪ್ಪ” ಎಂದರಂತೆ. ಅಷ್ಟೇ. ಅಪ್ಪ ಎಷ್ಟು ಸಮಾಧಾನ ಮಾಡಿದರೂ ಅವರು ಸಂಬಂಧದ ಮಾತು ಎತ್ತಗೊಡಲಿಲ್ಲ.

ನನಗೆ ಬಂದ ಸಿಟ್ಟು ಹೇಳತೀರದು. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ, ನಮ್ಮ ಮನೆಯಲ್ಲಿ ಹುಟ್ಟಿದವನು ಮಾತು ಬಾರದವನು. ಅವನಿಗೆ ಊಟ ಬಡಿಸುವಾಗ ತಟ್ಟೆ ಕುಕ್ಕಿ ಇಡುತ್ತಿದ್ದೆ. ಅವನು ಪುಸ್ತಕ ತರುವುದನ್ನೇ ಬಿಟ್ಟ. ಅಂಗಡಿ ಕಡೆಗೂ ಹೋಗಲಿಲ್ಲ, ಹಾಗಾಗಿ ಆ ಕಡೆಯಿಂದ ನನಗೆ ಒಂದು ಮಾತೂ ಬರಲಿಲ್ಲ. ಹಗಲೆಲ್ಲ ಬೀಸುವ ಕಲ್ಲಿನ ಮುಂದೆ ಕೂತು, ಅಲ್ಲಿ ಅವನು ಏನು ಯೋಚಿಸುತ್ತಿರಬಹುದು, ಮನೆಯವರನ್ನು ಹೇಗೆ ಒಪ್ಪಿಸುತ್ತಿರಬಹುದು ಎಂದು ಊಹಿಸುತ್ತಿದ್ದೆ. ಇಲ್ಲದ ಸನ್ಯಾಸಿಗೂ ವಾದ ಹುಡುಕಿದವನು ನನಗೆ ಹುಡುಕದೆ ಇರುತ್ತಾನೆಯೇ? ಹಾಗೆ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಕೊನೆಗೆ ನನ್ನ ಸೋದರಮಾವ ನಡುವೆ ಬಿದ್ದ. ಎರಡೂ ಕಡೆಯವರು ಹರಿಹರದ ಗುಡಿಯಲ್ಲಿ ಕೂಡಿ ಹೂವಿನ ಪ್ರಸಾದ ಕೇಳುವುದು, ದೇವರು ಹೇಳಿದಂತೆ ನಡೆಯುವುದು ಎಂದಾಯಿತು. ದೇವರ ಎರಡು ಭುಜದ ಮೇಲೂ ಹೂವಿಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದು, ಎಡಗಡೆಯದು ಬಿದ್ದರೆ ಬೇಡ ಎಂದು.

ಬೆಳಗಿನ ರೈಲಿಗೆ ಹೋದೆವು. ಗುಡಿಯಲ್ಲಿ ಅವನನ್ನು ಮೊದಲ ಸಲ ನೋಡಿದೆ. ತೆಳ್ಳಗೆ, ಬಿಳಿ ಅಂಗಿ ತೊಟ್ಟು ಕಂಬಕ್ಕೆ ಒರಗಿ ನಿಂತಿದ್ದ. ನನ್ನನ್ನು ನೋಡಿ ಕಣ್ಣಿನಲ್ಲೇ ನಕ್ಕ. ಅಷ್ಟಕ್ಕೇ ನಾನು ಅವ್ವನ ಬೆನ್ನ ಹಿಂದೆ ಸರಿದೆ.

ಪೂಜಾರಪ್ಪ ಹೂವಿಟ್ಟು, “ಈ ಸಂಬಂಧ ಆಗಬೌದಾ, ತಂದೆ?” ಎಂದು ಕೇಳಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗಡೆಯ ಹೂವು ಸರಿದು ಬಿತ್ತು.

ಅವ್ವ ಕಂಬ ಹಿಡಿದುಕೊಂಡಳು. ಆಗ ಯಾರೂ ಎಣಿಸದ ಹಾಗೆ ಅಣ್ಣ ಮುಂದೆ ಬಂದು ಹುಡುಗನ ಅಪ್ಪನಿಗೆ ಕೈ ಮುಗಿದ. ಹಿಂದೆ ಯಾರಿಗೂ ತಗ್ಗದವನು. “ತಪ್ಪು ನಂದು ಕಣ್ರಿ. ಅವರಿಬ್ರೂ ಒಬ್ನೇ. ಎಲ್ಲಾರ ಮುಂದೆ ಒಪ್ಕಂತೀನಿ, ನಾನು ಸೋತೆ. ನನ್ನ ಬಾಯಿಗೆ ನನ್ನ ತಂಗಿಗೆ ಶಿಕ್ಷೆ ಬ್ಯಾಡ್ರಿ.”

“ಯಾರಪ್ಪ ಇಬ್ರು?” ಎಂದು ಆ ಹಿರಿಯರು ಪಿಳಿಪಿಳಿ ನೋಡಿದರು. ಬೇರೆ ಹೊತ್ತಾಗಿದ್ದರೆ ನಗು ಬರುತ್ತಿತ್ತು.

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. ಸೆರಗು ಸರಿಪಡಿಸಿಕೊಂಡು ಪೂಜಾರಪ್ಪನ ಕಡೆ ತಿರುಗಿದೆ. “ಸ್ವಾಮೇರೆ, ಒಂದ್ ಮಾತು. ಬ್ಯಾರೆ ಗುಡಿಯಾಗೆ ಎಡ ಅಂದ್ರೆ ಬ್ಯಾಡ ಅಂತ ಇರಬೌದು. ಇಲ್ಲಿ ಎಡಕ್ಕೂ ದೇವರೇ ಅಲ್ಲೇನ್ರಿ? ಹರಿ ಕೈಯಾರೆ ಹೂ ಕೊಟ್ರೆ ಅದು ಬ್ಯಾಡ ಅಂತ ಹೆಂಗಾಗುತ್ತೆ?”

“ಯವ್ವಾ, ಏನ್ ಬಾಯಿ ಐತೆ ಈ ಹುಡುಗಿಗೆ!” ಎಂದು ಹುಡುಗನ ತಾಯಿ ಗಲ್ಲದ ಮೇಲೆ ಬೆರಳಿಟ್ಟರು. ಪೂಜಾರಪ್ಪ ಮಾತ್ರ ಸಿಟ್ಟಾಗಲಿಲ್ಲ. ತಲೆ ಕೆರೆದುಕೊಂಡು, “ಹಂಗೆ ಕೇಳಿದೋರು ಇಲ್ಲೀತನ ಯಾರೂ ಇಲ್ಲವ್ವ. ಮಾತೇನೋ ತಪ್ಪಲ್ಲ. ನೀವು ಹಿರೇರು ಏನಂತೀರಿ ನೋಡ್ರಿ” ಎಂದು ಅವರಿಗೇ ಬಿಟ್ಟರು.

ಹುಡುಗನ ಅಪ್ಪ ಕೆಟ್ಟವರಲ್ಲ. ಸ್ವಲ್ಪ ಹೊತ್ತು ನನ್ನನ್ನು ನೋಡಿದರು, ಅಣ್ಣನ ಮುಗಿದ ಕೈ ನೋಡಿದರು. ಆಮೇಲೆ ಮಗನ ಕಡೆ ತಿರುಗಿದರು. “ನಾಳೆ ಬಾಳೋನು ನೀನು. ನೀನೇನಂತೀಯಪ್ಪ?”

ನನ್ನ ಎದೆ ಹೂವಾಯಿತು. ಇನ್ನೇನು ಬೇಕಿತ್ತು! ನಾನು ಆಡಿದ ಮಾತು ಅವನದೇ ಮಾತು, ಅಣ್ಣನ ಬಾಯಲ್ಲಿ ಅವನೇ ಕಳಿಸಿದ್ದು. ಅದನ್ನು ಅವನು ಗುರುತು ಹಿಡಿದದ್ದು ಮುಖದಲ್ಲೇ ಕಾಣುತ್ತಿತ್ತು. ಬಾಯಿ ತೆರೆದರೆ ಸಾಕಿತ್ತು. ಅವನು ನನ್ನನ್ನು ನೋಡಿದ, ತಾಯಿಯ ಮುಖ ನೋಡಿದ, ಆಮೇಲೆ ತನ್ನ ಕಾಲು ನೋಡಿಕೊಂಡ.

“ನೀವು ಹಿರೇರು ಹೆಂಗಂತೀರೋ ಹಂಗೆ” ಎಂದ.

ಅಣ್ಣನ ಅಣಕವಿಲ್ಲದೆ, ಅವನದೇ ದನಿಯಲ್ಲಿ ನಾನು ಕೇಳಿದ ಮಾತು ಅದೊಂದೇ. ದನಿ ಚೆನ್ನಾಗಿತ್ತು. ಅದು ನನಗೆ ಇನ್ನೂ ಸಂಕಟ ಕೊಟ್ಟಿತು. ಕಾಗದದ ಮಾಂತ್ರಿಕನ ಪರವಾಗಿ ಬೀದಿಯಲ್ಲಿ ನಿಂತು ಊರನ್ನೇ ಸೋಲಿಸಿದವನು, ಕೇಳಿದಾಗಲೂ ನನ್ನ ಪರವಾಗಿ ತುಟಿ ಪಿಟಕ್ಕೆನ್ನಲಿಲ್ಲ. ಅವನ ತಾಯಿ “ನಡೀರಿ ಮತ್ತೆ” ಎಂದರು. ಅವರು ಹೋದರು, ಅವನೂ ಅವರ ಹಿಂದೆ ಹೋದ.

ರೈಲಿನಲ್ಲಿ ಅಪ್ಪ ಅವ್ವ ಒಂದು ಕಡೆ ಕೂತರು. ಅಣ್ಣ ನನ್ನ ಎದುರಿಗೆ ಕೂತ. ಸುಮ್ಮನೆ ಕಿಟಕಿಯ ಸರಳು ಕೆರೆಯುತ್ತಿದ್ದ. ನನ್ನೊಳಗೆ ಕುದಿಯುತ್ತಿದ್ದದ್ದು ಆ ಹುಡುಗನ ಮೇಲೋ ನನ್ನ ಮೇಲೋ ತಿಳಿಯದು. ಯಾವ ರಾಜನ ಮನಸ್ಸಿನಲ್ಲಿ ಏನಿದೆ ಎಂದು ನಾಲ್ಕು ಸಾಲಿನಲ್ಲಿ ಹಿಡಿಯುತ್ತಿದ್ದವಳು ನಾನು. ಅಷ್ಟು ದಿನ ಬೀಸುವ ಕಲ್ಲಿನ ಮುಂದೆ ಕೂತು ಕಟ್ಟಿದ ಆ ಮನುಷ್ಯ ಹರಿಹರದಲ್ಲಿ ಎಲ್ಲೂ ಇರಲಿಲ್ಲ.

“ಅಂಜಿದ್ನೇನೋ, ತಂಗೆವ್ವ” ಎಂದ ಅಣ್ಣ. “ಒಳ್ಳೆ ಹುಡುಗನೇ. ನಾನು ನಾಳೆ ಅಂಗಡಿಗೆ ಹೋಗಿ ಕೇಳ್ತೀನಿ. ಬೇಕಾದ್ರೆ ಕಾಲಿಗೆ ಬೀಳ್ತೀನಿ.”

“ಬ್ಯಾಡ” ಎಂದೆ. “ಕೈ ಮುಗಿವಾಗ ನೀನೂ ಅಂಜಿದ್ದೆ. ಆದ್ರೂ ಮುಗಿದೆ. ನಾನು ನೋಡಿದೀನಿ.”

ಅಣ್ಣ ಮುಖ ಆಚೆ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ಅವ್ವ ಕಟ್ಟಿಕೊಂಡು ಬಂದಿದ್ದ ಬುತ್ತಿ ಬಿಚ್ಚಿ ನಾನು ಮೊದಲು ಅವನ ಕೈಗೆ ರೊಟ್ಟಿ ಇಟ್ಟೆ.